ವಾಂತಿ ಕಾಯಿಲೆಯ ಮನೆಯಲ್ಲಿ ಓಆರ್‌ಎಸ್ ಪುಡಿ: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಭರಣಿಯ ಪಕ್ಕ ಒಂದು ಸ್ಟೀಲ್ ಡಬ್ಬಿ ಇದೆ. ಅದರಲ್ಲಿ ಯಾವಾಗಲೂ ಹತ್ತು ಓಆರ್‌ಎಸ್ ಪ್ಯಾಕೆಟ್ ಇರಬೇಕು ಅಂತ ನಾನೇ ಮಾಡಿಕೊಂಡ ಲೆಕ್ಕ. ಐದಕ್ಕೆ ಇಳಿದರೆ ನಮ್ಮನೆಯವರು ತೀರ್ಥಹಳ್ಳಿಗೆ ಹೋದಾಗ ತರುತ್ತಾರೆ. ಮಳೆಗಾಲಕ್ಕೆ ಇಪ್ಪತ್ತು ತಂದಿಡುತ್ತೇವೆ. ಆಗುಂಬೆ ಕಡೆ ಮಳೆ ಹಿಡಿದರೆ ಯಾವತ್ತು ರಸ್ತೆ ಇರುತ್ತದೆ, ಯಾವತ್ತು ಇರುವುದಿಲ್ಲ ಅಂತ ಹೇಳಲು ಆಗುವುದಿಲ್ಲ, ಅಲ್ವಾ.

ಈ ಬರಹ ಆ ಪ್ಯಾಕೆಟ್ ಬಗ್ಗೆ. ಮೈಯ ನೀರು, ಉಪ್ಪು ಕಳೆದುಹೋದಾಗ ಒಂದು ಲೀಟರ್ ನೀರಿಗೆ ಕಲಸಿ ಕುಡಿಸುವ, ವಿಶ್ವ ಆರೋಗ್ಯ ಸಂಸ್ಥೆಯ ಅಂದರೆ ಡಬ್ಲ್ಯುಎಚ್‌ಒ ಸೂತ್ರದ ಬಿಳಿ ಪುಡಿ. ಹಲವು ಕಂಪನಿಯವರು ಮಾಡುತ್ತಾರೆ. ನಮ್ಮ ಕಡೆ ಎಲ್ಲದಕ್ಕೂ ಎಲೆಕ್ಟ್ರಾಲ್ ಅಂತಲೇ ಕೇಳುವುದು. ಬೇಧಿಯಾದಾಗ ಎರಡು ದಿನ ಇದನ್ನು ಕುಡಿದವರು ಎಲ್ಲರ ಮನೆಯಲ್ಲೂ ಇದ್ದಾರೆ. ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನನ್ನ ಮಗಳಿಗೆ ವಾಂತಿಯದೇ ಕಾಯಿಲೆ. ಆರು ವರ್ಷದಿಂದ ಬರುತ್ತಿದೆ, ಹೋಗುತ್ತಿದೆ, ಮತ್ತೆ ಬರುತ್ತಿದೆ. ಇಂಥ ಮಗು ಇರುವ ಮನೆಗೆ ಈ ಪುಡಿ ಎಷ್ಟು ಉಪಯೋಗ, ಎಲ್ಲಿ ಉಪಯೋಗವಿಲ್ಲ ಅನ್ನುವುದನ್ನು ನನಗೆ ಯಾರೂ ಹೇಳಿರಲಿಲ್ಲ.

ಪುಟ್ಟಿಗೆ ಈಗ 12 ವರ್ಷ. ಮೊದಲ ಸಲ ಬಂದಾಗ 6. ಬೆಳಗಿನ ಜಾವ ಮೂರೂವರೆಗೆ ಎದ್ದು ಕಾರಿಕೊಂಡಳು. ಐದು ಗಂಟೆಯ ಹೊತ್ತಿಗೆ ಗಂಟೆಗೆ ಆರೇಳು ಸಲ. ಹೊಟ್ಟೆಯಲ್ಲಿ ಏನೂ ಉಳಿದಿಲ್ಲದಿದ್ದರೂ ಬರೀ ಹಳದಿ ನೀರು. ಮುಖ ಬಿಳಿಚಿಕೊಂಡು, ಬಾಯಿಂದ ಜೊಲ್ಲು ಸುರಿಯುತ್ತಾ, ಯಾರು ಮಾತಾಡಿಸಿದರೂ ಬೇಡ, ಬೆಳಕು ಬೇಡ. ಮರುದಿನ ಮಧ್ಯಾಹ್ನದವರೆಗೂ ಇದೇ. ಆಮೇಲೆ ಹೊದ್ದು ನಿದ್ದೆ. ಎದ್ದವಳೇ ಏನೂ ಆಗಿಲ್ಲದ ಹಾಗೆ ಅಂಗಳಕ್ಕೆ ಆಡಲು ಹೋದಳು. ಐದು ವಾರ ಕಳೆದ ಮೇಲೆ ಮತ್ತೆ ಅದೇ ಹೊತ್ತು, ಅದೇ ರೀತಿ.

ಅತ್ತೆ ಪಿತ್ತ ಕೆದರಿದೆ ಅಂದರು. ಯಾರೋ ದೃಷ್ಟಿ ಅಂದರು. ಪೇಟೆಯ ಒಬ್ಬ ಡಾಕ್ಟರ್ ಊಟದ ದೋಷ ಅಂದರು. ಇನ್ನೊಬ್ಬರು ಜಂತುಹುಳು ಅಂತ ಔಷಧ ಕೊಟ್ಟರು. ಮತ್ತೊಬ್ಬರು ಮಗುವಿನ ಎದುರಿಗೇ, ಶಾಲೆ ತಪ್ಪಿಸೋಕೆ ಹೀಗೆ ಮಾಡ್ತಾಳೆ ಅಂದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಎರಡು ವರ್ಷ ಹೀಗೇ ಹೋಯಿತು. ಕೊನೆಗೆ ಘಾಟಿ ಇಳಿದು ಮಣಿಪಾಲಕ್ಕೆ ಹೋದೆವು. ಹೊಟ್ಟೆಯ ಸ್ಕ್ಯಾನ್, ರಕ್ತ ಪರೀಕ್ಷೆ, ಬಿಳಿ ಔಷಧ ಕುಡಿಸಿ ತೆಗೆಯುವ ಎಕ್ಸ್‌ರೇ ಎಲ್ಲ ಆಯಿತು. ಕರುಳು ತಿರುಚಿಕೊಂಡಿದೆಯಾ, ಕಿಡ್ನಿಯಲ್ಲಿ ತಡೆ ಇದೆಯಾ, ತಲೆಯೊಳಗೆ ಒತ್ತಡ ಇದೆಯಾ ಅಂತ ಒಂದೊಂದಾಗಿ ನೋಡಿ, ಇಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ಹೆಸರು ಹೇಳಿದರು. ಸೈಕ್ಲಿಕ್ ವಾಮಿಟಿಂಗ್ ಸಿಂಡ್ರೋಮ್. ಸುತ್ತಿ ಸುತ್ತಿ ಬರುವ ವಾಂತಿ.

‘ನಿಮಗೆ ಅರೆತಲೆನೋವು ಉಂಟಾ?’ ಅಂತ ಡಾಕ್ಟರ್ ನನ್ನನ್ನೇ ಕೇಳಿದರು. ನನಗೆ ಮದುವೆಗೂ ಮೊದಲಿಂದ ಇದೆ. ಈ ಕಾಯಿಲೆ ಮೈಗ್ರೇನ್‌ನ ಹತ್ತಿರದ ಸಂಬಂಧಿ, ತುಂಬಾ ಮಕ್ಕಳ ಮನೆಯಲ್ಲಿ ಯಾರಿಗಾದರೂ ಮೈಗ್ರೇನ್ ಇರುತ್ತದೆ ಅಂದರು. ಹೊಸ ಕಾಯಿಲೆಯೂ ಅಲ್ಲವಂತೆ. ಲಂಡನ್ನಿನ ಸ್ಯಾಮ್ಯುಯೆಲ್ ಗೀ ಅನ್ನುವ ವೈದ್ಯರು 1882ರಲ್ಲೇ ಇಂಥ ಮಕ್ಕಳ ಬಗ್ಗೆ ಬರೆದಿದ್ದಾರೆ. ಅದನ್ನು ಕೇಳಿ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಮಗಳು ನಾಟಕ ಮಾಡುತ್ತಿರಲಿಲ್ಲ.

ಅಲ್ಲಿಂದ ಬರುವಾಗ ಕೈಗೆ ಸಿಕ್ಕಿದ್ದು ಮೂರು. ವಾಂತಿ ಮತ್ತೆ ಮತ್ತೆ ಬರದಂತೆ ದಿನಾ ರಾತ್ರಿ ಕೊಡುವ ಮಾತ್ರೆ ಅಮಿಟ್ರಿಪ್ಟಿಲಿನ್, ಅದೂ ಮೊದಲು ಇಸಿಜಿ ಮಾಡಿಸಿ ನೋಡಿದ ಮೇಲೆ. ವಾಂತಿ ಶುರುವಾಗುವ ಸೂಚನೆ ಸಿಕ್ಕಾಗ ನಾಲಿಗೆ ಮೇಲಿಟ್ಟರೆ ಕರಗುವ, ವಾಂತಿ ತಡೆಯುವ ಮಾತ್ರೆ ಒಂಡಾನ್‌ಸೆಟ್ರಾನ್. ಮತ್ತೆ ಈ ಪುಡಿ. ಮೊದಲ ಎರಡನ್ನು ಕೊಡುವುದು ಸುಲಭ. ಅವು ಡಾಕ್ಟರ್ ಬರೆದುಕೊಟ್ಟ ಲೆಕ್ಕ, ನಿಮ್ಮ ಮಗುವಿಗೆ ನಿಮ್ಮ ಡಾಕ್ಟರೇ ಹೇಳಬೇಕು. ಪುಡಿ ಮಾತ್ರ ನಮ್ಮ ಕೈಗೆ ಬಿಟ್ಟದ್ದು. ಹಾಗಾಗಿ ತಪ್ಪುಗಳೂ ಅದರಲ್ಲೇ ಆದವು.

ಮೊದಲ ತಪ್ಪು ನನ್ನದೇ. ಗಾಬರಿಯಲ್ಲಿ ಒಂದು ಪ್ಯಾಕೆಟ್ ಪೂರ್ತಿ ಒಂದು ಲೋಟ ನೀರಿಗೆ ಹಾಕಿ ಕಲಸಿದೆ. ಗ್ಲುಕೋಸ್ ಪುಡಿ ಹಾಗೇ ತಾನೇ ಕಲಸುವುದು ಅಂದುಕೊಂಡೆ. ಪುಟ್ಟಿ ಒಂದು ಗುಟುಕು ಕುಡಿದು ಉಗಿದಳು. ನಾನು ಗದರಿಸಿ ಇನ್ನೊಂದು ಗುಟುಕು ಕುಡಿಸಿದೆ. ಒಂದು ಲೀಟರಿನ ಉಪ್ಪನ್ನು ಒಂದು ಲೋಟದಲ್ಲಿ ಕೊಟ್ಟರೆ ಮೈಯಲ್ಲಿ ಉಪ್ಪಿನಂಶ ಏರಿ ಮಗುವಿಗೆ ದೊಡ್ಡ ಅಪಾಯ ಅಂತ ಗೊತ್ತಾದದ್ದು ಆಮೇಲೆ. ಅವಳು ಉಗಿದದ್ದೇ ಒಳ್ಳೆಯದಾಯಿತು. ಈ ಪ್ಯಾಕೆಟ್ ಮೇಲೆ ನನಗಿರುವ ದೊಡ್ಡ ದೂರು ಇದೇ. ಕಲಸುವ ವಿಧಾನ ಹಿಂದೆ ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಇರುತ್ತದೆ. ನಾನು ನೋಡಿದ ಒಂದರಲ್ಲೂ ಕನ್ನಡ ಇರಲಿಲ್ಲ. ರಾತ್ರಿ ಮೂರು ಗಂಟೆಗೆ, ಮೇಣದ ಬತ್ತಿ ಬೆಳಕಿನಲ್ಲಿ, ಯಾರು ಓದುತ್ತಾರೆ? ಈಗ ಡಬ್ಬಿಯ ಮುಚ್ಚಳದ ಮೇಲೆ ನಾನೇ ದಪ್ಪ ಮಾರ್ಕರಿನಲ್ಲಿ ಬರೆದಿದ್ದೇನೆ: ‘ಒಂದು ಪ್ಯಾಕೆಟ್, ಒಂದು ಲೀಟರ್. ಲೋಟಕ್ಕೆ ಹಾಕಬಾರದು.’

ಎರಡನೆಯದು ಮೆಡಿಕಲ್ ಶಾಪಿನಲ್ಲಿ ಆದ ಮೋಸ. ಮೋಸ ಅಂತಲೇ ಹೇಳುತ್ತೇನೆ. ಓಆರ್‌ಎಸ್ ಕೊಡಿ ಅಂದರೆ ಜ್ಯೂಸಿನ ಹಾಗೆ ಸ್ಟ್ರಾ ಚುಚ್ಚಿ ಕುಡಿಯುವ ಡಬ್ಬಿ ಕೊಟ್ಟರು. ಹೊರಗಡೆ ಓಆರ್‌ಎಸ್ ಅಂತ ದೊಡ್ಡದಾಗಿ ಬರೆದಿತ್ತು. ಸಿಹಿ, ಪುಟ್ಟಿಗೂ ಇಷ್ಟ. ಒಂದು ವರ್ಷ ಅದನ್ನೇ ಕುಡಿಸಿದೆ. ಪ್ರತಿ ಸಲ ಕುಡಿದ ಮೇಲೆ ಹೊಟ್ಟೆ ಇನ್ನಷ್ಟು ತೊಳಸುತ್ತಿತ್ತು. ಒಮ್ಮೆ ಬೇಧಿಯೂ ಆಯಿತು. ಮಣಿಪಾಲದ ಡಾಕ್ಟರಿಗೆ ಡಬ್ಬಿ ತೋರಿಸಿದಾಗ ಅವರು ಕೈಯಲ್ಲಿ ತಿರುಗಿಸಿ ನೋಡಿ ಬದಿಗಿಟ್ಟರು. ಅದರಲ್ಲಿ ಸಕ್ಕರೆ ಹಲವು ಪಟ್ಟು ಜಾಸ್ತಿ, ಉಪ್ಪು ಬೇಕಾದ್ದಕ್ಕಿಂತ ಕಡಿಮೆ ಅಂದರು.

ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದೇ ವಿಷಯಕ್ಕೆ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆದೇಶ ಹೊರಡಿಸಿತು. ಸೂತ್ರಕ್ಕೆ ಹೊಂದದ ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದ ಇರಬಾರದು, ಹಿಂದೆ ಮುಂದೆ ಬೇರೆ ಅಕ್ಷರ ಸೇರಿಸಿಯೂ ಬಳಸುವಂತಿಲ್ಲ ಅಂತ. ಪೇಪರಿನಲ್ಲಿ ಓದಿದ ದಿನ ಆ ತುಣುಕು ಕತ್ತರಿಸಿ ಪುಡಿಯ ಸ್ಟೀಲ್ ಡಬ್ಬಿಯೊಳಗೆ ಇಟ್ಟೆ. ಹೆಸರು ಬದಲಾದರೂ ಒಳಗಿರುವುದು ಬದಲಾಗುವುದಿಲ್ಲ. ಅಂಗಡಿಯಲ್ಲಿ ‘ಡಬ್ಬಿ ಬೇಡ, ಲೀಟರ್‌ಗೆ ಕಲಸುವ ಪುಡಿ ಕೊಡಿ’ ಅಂತಲೇ ಕೇಳಿ.

ಸರಿಯಾದ ಪ್ಯಾಕೆಟ್ ಗುರುತು ಹಿಡಿಯುವುದು ಕಷ್ಟವಿಲ್ಲ. ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5, ಸೋಡಿಯಂ ಸಿಟ್ರೇಟ್ 2.9, ಗ್ಲುಕೋಸ್ 13.5. ಒಟ್ಟು 20.5 ಗ್ರಾಂ. ಪರಿಮಳ ಸೇರಿಸಿದ್ದರೆ ತೂಕ ಸ್ವಲ್ಪ ಹೆಚ್ಚಿರುತ್ತದೆ. ಈ ನಾಲ್ಕು ಅಂಕಿಯನ್ನು ಪ್ಯಾಕೆಟ್ ಹಿಂದೆ ಹುಡುಕಿದರೆ ಸಾಕು.

ಗ್ಲುಕೋಸ್ ಇರುವುದು ಶಕ್ತಿಗೆ ಅಂತ ನಾನು ತಿಳಿದಿದ್ದೆ. ಅದರ ಮುಖ್ಯ ಕೆಲಸ ಬೇರೆ. ಕರುಳಿನ ಗೋಡೆಯಲ್ಲಿ ಸಕ್ಕರೆ ಮತ್ತು ಉಪ್ಪು ಒಟ್ಟಿಗೆ ಒಳಗೆ ಹೋಗುವ ಬಾಗಿಲು ಇದೆಯಂತೆ. ಎರಡೂ ಜೊತೆಯಾಗಿ ಬಂದರೆ ಅದು ತೆರೆಯುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಸಕ್ಕರೆ ಅತಿಯಾದರೆ ತಿರುಗಾ ಮುರುಗಾ, ಮೈಯ ನೀರೇ ಕರುಳಿಗೆ ಇಳಿಯುತ್ತದೆ. ಅದಕ್ಕೇ ಪುಡಿಗೆ ಮೇಲಿಂದ ಸಕ್ಕರೆ ಹಾಕಬಾರದು. ನಿಂಬೆಹಣ್ಣು, ಜೇನು, ಏನೂ ಬೇಡ. ನಮ್ಮತ್ತೆಗೆ ಇದನ್ನು ಒಪ್ಪಿಸಲು ಆರು ತಿಂಗಳು ಬೇಕಾಯಿತು. ‘ಒಂದು ಚಿಟಿಕೆ ಬೆಲ್ಲ ಹಾಕಿದ್ರೆ ಎಂತ ಆಗ್ತದೆ ಮಾರಾಯ್ತಿ’ ಅಂತ ಪ್ರತಿ ಸಲ ಕೇಳುತ್ತಿದ್ದರು.

ನಾನು ಕಲಸುವುದು ಹೀಗೆ. ಕುದಿಸಿ ಆರಿಸಿದ ನೀರು. ಅಳತೆಗೆ ಒಂದು ಲೀಟರಿನ ನೀರಿನ ಬಾಟಲಿ, ಬೇರೆ ಯಾವುದಕ್ಕೂ ಬಳಸದೆ ಇಟ್ಟದ್ದು. ಇಡೀ ಪ್ಯಾಕೆಟ್ ಒಂದೇ ಸಲ. ಅರ್ಧ ಹಾಕಿ ಅರ್ಧ ಮಡಚಿಡುವುದಿಲ್ಲ. ಪುಡಿಯಲ್ಲಿ ಉಪ್ಪು ಒಂದು ಕಡೆ, ಗ್ಲುಕೋಸ್ ಒಂದು ಕಡೆ ಕೂತಿರಬಹುದು. ಸಾಲದ್ದಕ್ಕೆ ನಮ್ಮ ಮಳೆಗಾಲದ ಥಂಡಿಗೆ ತೆರೆದ ಪ್ಯಾಕೆಟ್ ಒಂದೇ ರಾತ್ರಿಯಲ್ಲಿ ಗಟ್ಟಿಯಾಗುತ್ತದೆ. ಕಲಸಿದ ಮೇಲೆ ಮತ್ತೆ ಕುದಿಸಬಾರದು. 24 ಗಂಟೆ ಆದರೆ ಚೆಲ್ಲುವುದು. ಚೆಲ್ಲಲು ಮನಸ್ಸು ಬರುವುದಿಲ್ಲ, ಆದರೂ ಚೆಲ್ಲುತ್ತೇನೆ. ಒಂದು ಪ್ಯಾಕೆಟ್ಟಿಗೆ ನಾನು ಕೊಡುವುದು 20ರಿಂದ 25 ರೂಪಾಯಿ. ಶಾಲೆಯ ಬ್ಯಾಗಿನಲ್ಲಿ ಮಾತ್ರ 200 ಎಂಎಲ್ ನೀರಿಗೆ ಕಲಸುವ ಸಣ್ಣ ಪ್ಯಾಕೆಟ್, ಅದಕ್ಕೆ ಸರಿಯಾದ ಬಾಟಲಿ. ಅವಳ ಟೀಚರಿಗೆ ಎಲ್ಲ ತಿಳಿಸಿದ್ದೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೂರು ಹೊತ್ತು ಇರುತ್ತವೆ. ಬರುವ ಮೊದಲಿನ ಕೆಲವು ಗಂಟೆ, ವಾಂತಿಯ ಹೊತ್ತು, ನಿಂತ ಮೇಲಿನ ಹೊತ್ತು. ಪುಡಿ ಕೆಲಸ ಮಾಡುವುದು ಮೊದಲಿನದರಲ್ಲಿ ಮತ್ತು ಕೊನೆಯದರಲ್ಲಿ. ನಡುವೆ ಅದರ ಆಟ ನಡೆಯುವುದಿಲ್ಲ.

ಬರುವ ಮೊದಲು ಪುಟ್ಟಿ ಸಂಜೆಯಿಂದಲೇ ಸುಮ್ನೆ ಕೂರುತ್ತಾಳೆ. ಆಕಳಿಕೆ ಜಾಸ್ತಿ. ಕಿವಿಯ ಹಾಲೆ ಬೆಳ್ಳಗಾಗುತ್ತದೆ. ‘ಅಮ್ಮ, ಬಾಯಲ್ಲಿ ನೀರು ಬರ್ತಿದೆ’ ಅಂತಾಳೆ. ಆಗ ನನ್ನ ಕೈಯಲ್ಲಿ ಬೇರೆ ಏನು ಕೆಲಸ ಇದ್ದರೂ, ಹೊಲಿಗೆ ಮಷಿನ್ ಮೇಲೆ ಯಾರ ರವಿಕೆ ಇದ್ದರೂ, ಅಲ್ಲೇ ನಿಲ್ಲಿಸುತ್ತೇನೆ. ಕರಗುವ ಮಾತ್ರೆ ನಾಲಿಗೆ ಮೇಲೆ. ಒಳಕೋಣೆಯ ಕಿಟಕಿ ಮುಚ್ಚಿ ಕತ್ತಲು. ಅಡುಗೆಮನೆಯಲ್ಲಿ ಒಗ್ಗರಣೆ ಬಂದ್. ಇಪ್ಪತ್ತು ನಿಮಿಷ ಬಿಟ್ಟು ಪುಡಿಯ ನೀರು ಶುರು, ಐದು ನಿಮಿಷಕ್ಕೆ ಒಂದು ಟೀ ಚಮಚ.

ಒಂದು ಚಮಚ ಅಂದರೆ 5 ಎಂಎಲ್. ಗಂಟೆಗೆ 60 ಎಂಎಲ್ ಆಯಿತು. ಇಷ್ಟು ಕಡಿಮೆಯಾ ಅನ್ನಿಸುತ್ತದೆ. ಆದರೆ ಹೊಟ್ಟೆಗೆ ಗೊತ್ತಾಗದ ಹಾಗೆ ಒಳಗೆ ಹೋಗುವುದು ಇಷ್ಟೇ. ಬಾಯಾರಿಕೆ ಅಂತ ಅರ್ಧ ಲೋಟ ಒಮ್ಮೆಲೇ ಕೊಟ್ಟರೆ ಹತ್ತು ನಿಮಿಷದಲ್ಲಿ ಎಲ್ಲಾ ವಾಪಸ್. ಒಮ್ಮೆ ಕಾರಿಕೊಂಡರೆ ಹತ್ತು ನಿಮಿಷ ಸುಮ್ಮನಿದ್ದು ಮತ್ತೆ ಚಮಚದಿಂದಲೇ ಶುರು ಮಾಡಬೇಕು.

ಈ ಚಮಚದ ಕೆಲಸದಲ್ಲಿ ನನಗಿಂತ ನಮ್ಮತ್ತೆ ಮೇಲು. ನನಗೆ ಅವಸರ. ಅವರು ಜಪಮಾಲೆ ಹಿಡಿದು ಹಾಸಿಗೆಯ ಪಕ್ಕ ಕೂರುತ್ತಾರೆ. ಮಾಲೆ ಒಂದು ಸುತ್ತು ಮುಗಿದರೆ ಒಂದು ಚಮಚ. ಗಡಿಯಾರ ಬೇಡ, ದೀಪ ಬೇಡ, ಮೊಬೈಲ್ ಬೆಳಕೂ ಬೇಡ. ಕತ್ತಲಲ್ಲಿ ಅವರ ಬೆರಳಿಗೆ ಮಣಿ ಸಿಗುತ್ತದೆ, ಚಮಚಕ್ಕೆ ಪುಟ್ಟಿಯ ಬಾಯಿ ಸಿಗುತ್ತದೆ. ಪಿತ್ತ ಅಂತ ಕಷಾಯ ಕುಡಿಸುತ್ತಿದ್ದ ಅತ್ತೆಯೇ ಈಗ ಈ ಮನೆಯ ನರ್ಸ್. ಪುಟ್ಟಿಯೂ ರಾತ್ರಿ ಹೊತ್ತು ‘ಅಜ್ಜಿ ಕೊಡ್ಲಿ’ ಅನ್ನುತ್ತಾಳೆ.

ಅಡಿಕೆ ಲೆಕ್ಕದ ಹಳೆಯ ಪುಸ್ತಕದಲ್ಲಿ ನಾನು ಪ್ರತಿ ಸಲದ್ದೂ ಬರೆದಿಡುತ್ತೇನೆ. ಯಾವಾಗ ಶುರು, ಎಷ್ಟು ಸಲ, ಮೂತ್ರ ಯಾವಾಗ, ಹಿಂದಿನ ದಿನ ಏನಾಗಿತ್ತು. ಹೀಗೆ ಮೊದಲೇ ಹಿಡಿದದ್ದರಲ್ಲಿ ಸುಮಾರು ಅರ್ಧ ಸಲ ಅಲ್ಲಿಗೇ ನಿಂತಿದೆ. ಬೆಳಿಗ್ಗೆ ಏಳುವಾಗ ಆರಾಮ. ಇದು ಪುಡಿಯೊಂದರ ಪುಣ್ಯ ಅಂತ ನಾನು ಹೇಳುವುದಿಲ್ಲ. ಮಾತ್ರೆ, ಕತ್ತಲು, ನಿದ್ದೆ ಎಲ್ಲ ಸೇರಿದೆ. ಆದರೆ ಪುಡಿಯ ನೀರು ಕುಡಿದು ಮಲಗಿದ ಸಲ, ಮುಂದೆ ವಾಂತಿ ಬಂದರೂ ಅವಳು ಅಷ್ಟು ಬೇಗ ಸೋಲುವುದಿಲ್ಲ. ಪುಸ್ತಕದಲ್ಲಿ ಅದು ಕಾಣುತ್ತದೆ.

ಅದೇ ಪುಸ್ತಕ ಇನ್ನೊಂದು ವಿಷಯವನ್ನೂ ತೋರಿಸಿತು. ನಿದ್ದೆಗೆಟ್ಟ ಮರುದಿನ, ಊಟ ತಪ್ಪಿದ ಮರುದಿನ, ತುಂಬಾ ಖುಷಿಪಟ್ಟ ಮರುದಿನ ಬರುವುದು ಜಾಸ್ತಿ. ಎಳ್ಳಮಾವಾಸ್ಯೆ ಜಾತ್ರೆಗೆ ಅವಳು ತಿಂಗಳಿಂದ ಕಾಯುತ್ತಾಳೆ. ತೆಪ್ಪೋತ್ಸವ ನೋಡಿ ರಾತ್ರಿ ತಡವಾಗಿ ಬಂದ ಎರಡು ವರ್ಷವೂ ಬೆಳಗಿನ ಜಾವ ಶುರುವಾಯಿತು. ಜಾತ್ರೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಈಗ ಮಧ್ಯಾಹ್ನ ಎರಡು ಗಂಟೆ ಮಲಗಿಸಿ, ಹೊಟ್ಟೆಗೆ ಏನಾದರೂ ಹಾಕಿ ಕರೆದುಕೊಂಡು ಹೋಗುತ್ತೇವೆ. ಬೇಗ ವಾಪಸ್ ಬರುತ್ತೇವೆ. ಹೋದ ವರ್ಷ ಏನೂ ಆಗಲಿಲ್ಲ.

ಇನ್ನು ನಡುವಿನ ಹೊತ್ತು. ಎರಡು ವರ್ಷದ ಹಿಂದಿನ ಆಷಾಢದ ಕಥೆ ಹೇಳಲೇಬೇಕು.

ಮೂರು ದಿನದಿಂದ ಬಿಡದೆ ಮಳೆ. ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಟವರ್ ಸತ್ತು ಫೋನೂ ಇಲ್ಲ. ರಾತ್ರಿ ಸೂಚನೆ ಏನೂ ಕಾಣಲಿಲ್ಲ. ಮೂರೂವರೆಗೆ ಎದ್ದವಳು ನೇರ ವಾಂತಿಗೇ ಶುರು. ಮಾತ್ರೆ ಇಟ್ಟೆ, ಕರಗುವ ಮೊದಲೇ ಹೊರಗೆ ಬಂತು. ಇನ್ನೊಂದು ಇಟ್ಟೆ. ಪುಡಿ ಕಲಸಿ ಚಮಚ ಶುರು ಮಾಡಿದೆ. ಪ್ರತಿ ಚಮಚಕ್ಕೂ ಓಕರಿಕೆ. ಐದು ನಿಮಿಷದ ಬದಲು ಹತ್ತು ನಿಮಿಷ ಮಾಡಿದೆ. ಆಗಲಿಲ್ಲ. ಬರೀ ತುಟಿ ಒದ್ದೆ ಮಾಡಿದೆ. ಅದಕ್ಕೂ ಬಂತು. ಆದರೂ ನಾನು ಬಿಡಲಿಲ್ಲ. ಕೊಡುತ್ತಿದ್ದರೆ ಸ್ವಲ್ಪವಾದರೂ ಒಳಗೆ ಹೋಗುತ್ತದೆ, ಮನೆಯಲ್ಲೇ ಸುಧಾರಿಸಬಹುದು ಅಂತ ನಂಬಿ ಮಧ್ಯಾಹ್ನದವರೆಗೂ ಕೊಡುತ್ತಲೇ ಇದ್ದೆ.

ಅವಳು ಒಂದು ಹೊತ್ತಿನಲ್ಲಿ ನನ್ನ ಕೈ ಹಿಡಿದು ‘ಅಮ್ಮ, ಬೇಡ, ಚಮಚ ಬೇಡ’ ಅಂದಳು. ದನಿಯೇ ಇರಲಿಲ್ಲ. ಪುಸ್ತಕ ತೆಗೆದು ನೋಡಿದೆ. ಮೂತ್ರ ಮಾಡಿ ಒಂಬತ್ತು ಗಂಟೆ ಆಗಿತ್ತು. ಎಂಟು ಗಂಟೆ ದಾಟಿದರೆ ಹೊರಟುಬಿಡಿ ಅಂತ ಡಾಕ್ಟರ್ ಹೇಳಿದ್ದನ್ನು ನಾನೇ ಮೊದಲ ಪುಟದಲ್ಲಿ ಬರೆದಿಟ್ಟಿದ್ದೆ. ಚಮಚ ನೋಡುತ್ತಾ ಕೂತು ಗಡಿಯಾರ ನೋಡುವುದನ್ನು ಮರೆತಿದ್ದೆ.

ರಸ್ತೆಗೆ ಮರ ಬಿದ್ದಿತ್ತು. ಪಕ್ಕದ ಮನೆಯವರು ಮರ ಕೊಯ್ಯುವ ಮಷಿನ್ ತಂದರು. ಆರು ಜನ ಮಳೆಯಲ್ಲಿ ನಿಂತು ಕೊಯ್ದು ಉರುಳಿಸಿದರು. ಜೀಪಿನಲ್ಲಿ ಪೇಟೆ ಮುಟ್ಟುವಾಗ ಸಂಜೆ. ರಕ್ತದಲ್ಲಿ ಸಕ್ಕರೆ ಇಳಿದಿತ್ತು. ಗ್ಲುಕೋಸ್ ಡ್ರಿಪ್ ಹಾಕಿ, ವಾಂತಿಗೆ ಸೂಜಿ ಕೊಟ್ಟು, ಕೋಣೆಯ ಲೈಟ್ ಆರಿಸಿದರು. ಎರಡು ಗಂಟೆಯಲ್ಲಿ ಅವಳು ನಿದ್ದೆ ಹೋದಳು. ಆ ಕಾಗದ, ಮಣಿಪಾಲದವರು ಏನು ಹಾಕಬೇಕು ಅಂತ ಬರೆದು ಸಹಿ ಮಾಡಿಕೊಟ್ಟ ಒಂದು ಪುಟ, ನನ್ನ ಬ್ಯಾಗಿನಲ್ಲಿ ಇದ್ದದ್ದಕ್ಕೆ ಯಾರೂ ಪ್ರಶ್ನೆ ಕೇಳಿ ಹೊತ್ತು ಕಳೆಯಲಿಲ್ಲ. ಇಂಥ ಮಗು ಇರುವವರು ಆ ಕಾಗದ ಕೇಳಿ ಬರೆಸಿಕೊಳ್ಳಿ.

ಪುಡಿ ವಾಂತಿಯನ್ನು ನಿಲ್ಲಿಸುವುದಿಲ್ಲ. ಅದು ವಾಂತಿಗೆ ಔಷಧವೇ ಅಲ್ಲ. ಒಳಗೆ ಉಳಿದರೆ ಮಾತ್ರ ಅದಕ್ಕೆ ಕೆಲಸ. ಇದನ್ನು ನಾನು ಬಾಯಲ್ಲಿ ಹೇಳುತ್ತಿದ್ದೆ, ಆ ದಿನ ಗೊತ್ತಾಯಿತು. ಈಗ ನಮ್ಮಲ್ಲಿ ಒಂದು ನಿಯಮ ಇದೆ. ಒಂದು ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಜಾಸ್ತಿ ಬಂದರೆ ಚಮಚ ಬದಿಗೆ. ಆಗ ಕತ್ತಲು, ಬೋಗುಣಿ, ಒದ್ದೆ ಬಟ್ಟೆ, ಮತ್ತು ಗಡಿಯಾರ. ಎಂಟು ಗಂಟೆ ಕಾಯುವ ಧೈರ್ಯವನ್ನೂ ಈಗ ಮಾಡುವುದಿಲ್ಲ, ಮಳೆಗಾಲದಲ್ಲಿ ಮೂತ್ರವಿಲ್ಲದೆ ಐದು ಗಂಟೆ ಆದರೇ ಹೊರಡುತ್ತೇವೆ. ವಾಂತಿಯಲ್ಲಿ ರಕ್ತ ಕಂಡರೆ, ಕರೆದರೆ ಮಂಪರಿನಲ್ಲಿ ಸರಿಯಾಗಿ ಓಗೊಡದಿದ್ದರೆ, ಎಂದಿನ ಹಾಗಲ್ಲದ ಹೊಟ್ಟೆನೋವು ಬಂದರೆ, ಜ್ವರ ಅಥವಾ ಜೋರು ತಲೆನೋವು ಸೇರಿದರೆ ಒಂದು ನಿಮಿಷವೂ ಕಾಯುವುದಿಲ್ಲ. ಮೊದಲ ಸಲ ಹಸಿರು ವಾಂತಿ ಮಾಡುವ ಯಾವ ಮಗುವನ್ನೂ ಇದೇ ಕಾಯಿಲೆ ಅಂತ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಅದು ಕರುಳು ತಿರುಚಿದ್ದೂ ಇರಬಹುದು.

ಕೊನೆಯ ಹೊತ್ತಿನಲ್ಲಿ ಪುಡಿಗೆ ಪೂರ್ತಿ ಮಾರ್ಕು. ನಿದ್ದೆಯಿಂದ ಎದ್ದ ಮೇಲೆ ಮೊದಲು ಒಳಗೆ ಹೋಗುವುದು ಅದೇ. ಫ್ರಿಜ್ ನಡೆಯುತ್ತಿದ್ದರೆ ಐಸ್ ಟ್ರೇಯಲ್ಲಿ ಹಾಕಿ ಗಡ್ಡೆ ಮಾಡಿ ಕೊಡುತ್ತೇನೆ. ಚೀಪುತ್ತಾ ಇದ್ದರೆ ಅವಳಿಗೆ ಕುಡಿದ ಹಾಗೆ ಅನ್ನಿಸುವುದಿಲ್ಲ, ಉಪ್ಪಿನ ರುಚಿಯೂ ಅಷ್ಟು ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ನಂಬಿ ಇದನ್ನು ಮಾಡಲು ಆಗುವುದಿಲ್ಲ, ಆಗ ಮಣ್ಣಿನ ಹೂಜಿಯ ನೀರಿನಲ್ಲಿ ಬಾಟಲಿ ಇಟ್ಟು ತಣ್ಣಗೆ ಮಾಡುತ್ತೇನೆ. ಎರಡು ಗಂಟೆ ಉಳಿಯಿತು ಅಂದರೆ ಕುಚ್ಚಲಕ್ಕಿ ಗಂಜಿಯ ತಿಳಿ, ಎರಡು ಕಲ್ಲು ಉಪ್ಪು ಹಾಕಿ. ಆಮೇಲೆ ಅವಳೇ ಕಡುಬು ಕೇಳುತ್ತಾಳೆ.

ರುಚಿಯ ಬಗ್ಗೆ ಹೇಳಬೇಕು. ಪುಟ್ಟಿ ‘ಬೆವರು ನೆಕ್ಕಿದ ಹಾಗೆ’ ಅನ್ನುತ್ತಾಳೆ. ಅದಕ್ಕೆ ಕಿತ್ತಳೆ ಪರಿಮಳದ್ದು ತಂದೆವು. ಎರಡು ಸಲ ಚೆನ್ನಾಗಿ ಕುಡಿದಳು. ಮೂರನೇ ಸಲ ವಾಂತಿಯ ನಡುವೆ ಕುಡಿಸಿದೆ. ಅಲ್ಲಿಗೆ ಮುಗಿಯಿತು. ಈಗ ಕಿತ್ತಳೆ ಹಣ್ಣು ಸುಲಿದರೂ ಅವಳಿಗೆ ಹೊಟ್ಟೆ ತೊಳಸುತ್ತದೆ. ವಾಂತಿ ಹೊತ್ತಿನಲ್ಲಿ ಯಾವ ಪರಿಮಳ ಸೇರಿದರೂ ಅದು ಕಾಯಿಲೆಯ ವಾಸನೆಯೇ ಆಗಿಬಿಡುತ್ತದೆ. ಪರಿಮಳ ಇಲ್ಲದ ಪ್ಲೇನ್ ಪುಡಿಯನ್ನೇ ತನ್ನಿ. ಇದೇ ಕಾರಣಕ್ಕೆ ನಮ್ಮ ಬೋಗುಣಿ ಸ್ಟೀಲಿನದು. ಪ್ಲಾಸ್ಟಿಕ್ ಟಬ್ಬು ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ. ತೋಟಕ್ಕೆ ಬೋರ್ಡೋ ಔಷಧ ಹೊಡೆಯುವ ದಿನ, ಅಡಿಕೆ ಬೇಯಿಸುವ ದಿನ ಅವಳನ್ನು ತವರಿಗೆ ಕಳಿಸುತ್ತೇನೆ.

2023ರಲ್ಲಿ ಪದ್ಮವಿಭೂಷಣ ಬಂದವರ ಪಟ್ಟಿಯಲ್ಲಿ ದಿಲೀಪ್ ಮಹಾಲನಬಿಸ್ ಅನ್ನುವ ವೈದ್ಯರ ಹೆಸರು ನೋಡಿದೆ. ಅಷ್ಟರಲ್ಲಿ ಅವರು ತೀರಿಕೊಂಡು ಕೆಲವು ತಿಂಗಳಾಗಿತ್ತು. 1971ರ ಯುದ್ಧದ ಕಾಲದಲ್ಲಿ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡ್ರಿಪ್ ಬಾಟಲಿ ಮುಗಿದುಹೋಯಿತಂತೆ. ಅವರು ನಮ್ಮ ಪುಡಿಯ ಹಾಗೆಯೇ ಉಪ್ಪು, ಅಡುಗೆ ಸೋಡಾ, ಗ್ಲುಕೋಸ್ ನೀರಿಗೆ ಕಲಸಿ ಡ್ರಮ್ಮಿನಲ್ಲಿ ತುಂಬಿ ಇಟ್ಟರು. ನೂರಕ್ಕೆ ಮೂವತ್ತರಷ್ಟು ಸಾಯುತ್ತಿದ್ದಲ್ಲಿ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಅಲ್ಲಿ ಲೋಟ ಹಿಡಿದು ಕುಡಿಸಿದ್ದು ನರ್ಸ್‌ಗಳಿಗಿಂತ ಹೆಚ್ಚಾಗಿ ರೋಗಿಗಳ ಮನೆಯವರೇ. ಅತ್ತೆಗೆ ಇದನ್ನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪುಣ್ಯಾತ್ಮ’ ಅಂದರು. ಬೆಲ್ಲದ ಮಾತು ಆಮೇಲೆ ಬರಲಿಲ್ಲ.

ಈ ಪುಡಿಗೆ ಐದಕ್ಕೆ ಎಷ್ಟು ಮಾರ್ಕು ಕೊಡುತ್ತೀರಿ ಅಂದರೆ ನಾಲ್ಕು. ಒಂದು ಕಡಿಮೆ ಆದದ್ದು ಕನ್ನಡ ಇಲ್ಲದ್ದಕ್ಕೆ. ಕಾಯಿಲೆ ಪೂರ್ತಿ ಹೋಗಿಲ್ಲ. ಐದು ವಾರಕ್ಕೆ ಬರುತ್ತಿದ್ದದ್ದು ಈಗ ಮೂರು ತಿಂಗಳಿಗೊಮ್ಮೆ, ಅದು ರಾತ್ರಿಯ ಮಾತ್ರೆಯಿಂದ. ಕೆಲವು ಮಕ್ಕಳಿಗೆ ದೊಡ್ಡವರಾಗುತ್ತಾ ವಾಂತಿ ನಿಂತು ಮೈಗ್ರೇನ್ ಶುರುವಾಗುತ್ತದೆ ಅಂದಿದ್ದಾರೆ. ಅದು ಬಂದಾಗ ನೋಡೋಣ.

ಪ್ಲೇನ್ ಪುಡಿ ನಮ್ಮ ಪೇಟೆಯಲ್ಲಿ ಮೊದಲು ಸಿಗುತ್ತಲೇ ಇರಲಿಲ್ಲ. ‘ಅಕ್ಕಾ, ಪ್ಲೇನ್ ಯಾರೂ ಕೇಳಲ್ಲ, ಎಲ್ಲರಿಗೂ ಆರೆಂಜೇ ಬೇಕು’ ಅನ್ನುತ್ತಿದ್ದ ಮೆಡಿಕಲ್‌ನ ಹುಡುಗ. ನಾನು ಯಾಕೆ ಬೇಕು ಅಂತ ಕೂತು ಹೇಳಿದೆ. ಮುಂದಿನ ಸಲ ಒಂದು ಬಾಕ್ಸ್ ತರಿಸಿಟ್ಟಿದ್ದ. ಈಗ ಒಳಗಡೆ ಎರಡನೇ ಖಾನೆಯಲ್ಲಿ ಯಾವಾಗಲೂ ಇರುತ್ತದೆ. ಹೋದ ತಿಂಗಳು ಕೊಪ್ಪದ ಕಡೆಯ ಒಬ್ಬರು ಅದನ್ನೇ ಕೇಳಿಕೊಂಡು ಬಂದಿದ್ದರಂತೆ. ಅವರ ಮಗನಿಗೂ ಹೀಗೇ, ಬೆಳಗಿನ ಜಾವದ್ದು. ಹುಡುಗ ನನ್ನ ನಂಬರ್ ಕೊಡಲಾ ಅಂತ ಕೇಳಿದ. ಕೊಡು ಅಂದೆ.